ಪಥ್ಯ ಹಿಡಿಯುವುದು, ಹಿಡಿದದ್ದನ್ನು ಉಳಿಸಿಕೊಳ್ಳುವುದು

ಪಥ್ಯವೆಂದರೆ ಕಾಯಿಲೆ ಬಿದ್ದಾಗ ನಾಲ್ಕು ದಿನ ಗಂಜಿ ಕುಡಿಯುವುದೆಂದು ನಮ್ಮ ಹಿರಿಯರ ರೂಢಿ. ಈಗ ಡಾಕ್ಟರರು ಹೇಳುವ ಪಥ್ಯದಲ್ಲಿ ಆ ಗಂಜಿಯನ್ನೇ ಕಡಿಮೆ ಮಾಡಬೇಕು, ಅದೂ ವರ್ಷಗಟ್ಟಲೆ. ಮಧುಮೇಹ ಬಂದವರಿಗೂ, ಬರುವ ಲಕ್ಷಣವುಳ್ಳವರಿಗೂ, ಹೊಟ್ಟೆಯ ಬೊಜ್ಜು ಬೆಳೆದವರಿಗೂ “ಅನ್ನ, ಸಕ್ಕರೆ, ಮೈದಾ ತಗ್ಗಿಸಿ” ಎಂಬ ಮಾತು ದವಾಖಾನೆಗಳಲ್ಲಿ ನಿತ್ಯ ಕೇಳಿಬರುತ್ತದೆ. ಕೇಳಿದವರು ಮರುದಿನವೇ ಆರಂಭಿಸುತ್ತಾರೆ. ಎರಡನೆಯ ವಾರಕ್ಕೆ ಬಿಡುತ್ತಾರೆ. ಬಿಟ್ಟ ಮೇಲೆ ತಮಗೆ ಮನೋಬಲ ಸಾಲದೆಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಆದರೆ ಮುಂಬಯಿಯಲ್ಲಿ ದುಡಿಯುವವನ ಪಥ್ಯ ಕೆಡುವುದು ಹೆಚ್ಚಾಗಿ ಗೊತ್ತಾದ ಹೊತ್ತಿಗೆ, ಗೊತ್ತಾದ ಸ್ಥಳದಲ್ಲಿ, ಹೊಟ್ಟೆ ಹಸಿದಿರುವಾಗ. ಹೊತ್ತೂ ಸ್ಥಳವೂ ಮೊದಲೇ ತಿಳಿದಿರುವುದರಿಂದ ಉಪಾಯವನ್ನೂ ಮೊದಲೇ ಮಾಡಿಕೊಳ್ಳಬಹುದು. ಈ ಪಾಠದ ಸಾರ ಇಷ್ಟೆ.

ತಗ್ಗಿಸಬೇಕಾದದ್ದು ಯಾವುದು?

ಆಹಾರದಲ್ಲಿ ಶಕ್ತಿ ಕೊಡುವ ವಸ್ತುಗಳು ಮುಖ್ಯವಾಗಿ ಮೂರು: ಶರ್ಕರಪಿಷ್ಟ, ಸಸಾರಜನಕ ಮತ್ತು ಕೊಬ್ಬು. ಡಾಕ್ಟರರು ಕಾರ್ಬೋಹೈಡ್ರೇಟ್ ಎನ್ನುವುದು ಶರ್ಕರಪಿಷ್ಟವನ್ನು, ಪ್ರೋಟೀನ್ ಎನ್ನುವುದು ಸಸಾರಜನಕವನ್ನು. ಪಿಷ್ಟವು ಜೀರ್ಣವಾಗಿ ಸಕ್ಕರೆಯ ರೂಪದಲ್ಲಿ ರಕ್ತಕ್ಕೆ ಸೇರುತ್ತದೆ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟವಿದೆ. ಗೋಧಿ, ಜೋಳ, ರಾಗಿಗಳಲ್ಲಿ 65ರಿಂದ 72 ಗ್ರಾಂ. ನಾರಿನ ಅಂಶ ಇವುಗಳಲ್ಲಿ ಹೆಚ್ಚು ಎಂಬುದು ನಿಜ. ಆದರೂ ರಾಗಿಮುದ್ದೆಯನ್ನೋ ಜೋಳದ ರೊಟ್ಟಿಯನ್ನೋ ಎಷ್ಟಾದರೂ ತಿನ್ನಬಹುದೆಂಬ ನಂಬಿಕೆಗೆ ಆಧಾರವಿಲ್ಲ. ತೊಗರಿಬೇಳೆಯಲ್ಲಿ ಪಿಷ್ಟ ಅರ್ಧಕ್ಕಿಂತ ತುಸು ಹೆಚ್ಚು, ಸಸಾರಜನಕ ಸುಮಾರು 22 ಗ್ರಾಂ. ಮೊಟ್ಟೆಯಲ್ಲೂ ಬಂಗುಡೆ, ಭೂತಾಯಿ ಮೀನುಗಳಲ್ಲೂ ಪಿಷ್ಟ ಇಲ್ಲವೆಂದೇ ಹೇಳಬಹುದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ಸಮೀಕ್ಷೆಯೊಂದು 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10 ಕೋಟಿಗೂ ಮಿಗಿಲೆಂದು ಅಂದಾಜು ಮಾಡಿತು. ಅದರ ಆಹಾರಭಾಗ 2025ರಲ್ಲಿ ಪ್ರಕಟವಾಯಿತು. ಭಾರತೀಯರು ಪಡೆಯುವ ಆಹಾರಶಕ್ತಿಯಲ್ಲಿ ಶೇಕಡಾ 62ರಷ್ಟು ಪಿಷ್ಟದಿಂದಲೇ ಬರುತ್ತದೆಂದೂ, ಅಕ್ಕಿಯ ಬದಲು ಗೋಧಿಯ ಅಥವಾ ಕಿರುಧಾನ್ಯದ ಹಿಟ್ಟು ಬಳಸಿದ ಮಾತ್ರಕ್ಕೆ ಅಪಾಯ ತಗ್ಗಿದಂತೆ ಕಾಣಲಿಲ್ಲವೆಂದೂ ಅದರಿಂದ ತಿಳಿದುಬಂದಿತು. ಒಟ್ಟು ಪಿಷ್ಟವೇ ಕಡಿಮೆಯಾಗಿ, ಆ ಜಾಗಕ್ಕೆ ಬೇಳೆ, ಮೊಸರು, ಮೊಟ್ಟೆ, ಮೀನು ಬರಬೇಕು.

ಆರಂಭಕ್ಕೆ ಮುನ್ನ

ಒಂದು ಎಚ್ಚರಿಕೆ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು ಡಾಕ್ಟರರನ್ನು ಕೇಳದೆ ಅನ್ನ ತಗ್ಗಿಸಬಾರದು. ಔಷಧ ಹಳೆಯ ಪ್ರಮಾಣದಲ್ಲಿದ್ದು ಊಟ ಅರ್ಧವಾದರೆ ರಕ್ತದ ಸಕ್ಕರೆ ಒಮ್ಮೆಗೇ ಕುಸಿಯುತ್ತದೆ: ಬೆವರು, ಕೈನಡುಕ, ಕಣ್ಣು ಮಂಜಾಗುವುದು, ತಲೆ ತಿರುಗುವುದು. ಕಿಕ್ಕಿರಿದ ಲೋಕಲ್ ಗಾಡಿಯ ಬಾಗಿಲಲ್ಲಿ ನಿಂತವನಿಗೆ ಹೀಗಾದರೆ ಪ್ರಾಣಕ್ಕೇ ಸಂಚಕಾರ. ಇಂಥವರ ಜೇಬಿನಲ್ಲಿ ಮೂರು ಚಮಚದಷ್ಟು ಸಕ್ಕರೆಯ ಪೊಟ್ಟಣ ಸದಾ ಇರಲಿ. ಡಾಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆಯುಳ್ಳವರು, ಗರ್ಭಿಣಿಯರು ಕೂಡ ಮೊದಲು ಡಾಕ್ಟರರನ್ನು ಕಾಣಬೇಕು.

ಎಷ್ಟು ತಗ್ಗಿಸಬೇಕು? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪಿಷ್ಟ ಕಡಿಮೆಯ ಆಹಾರವನ್ನೂ ಇನ್ನೊಂದಕ್ಕೆ ಕೊಬ್ಬು ಕಡಿಮೆಯ ಆಹಾರವನ್ನೂ ಗೊತ್ತುಮಾಡಿ ಒಂದು ವರ್ಷ ನೋಡಿದರು. 2018ರಲ್ಲಿ ಹೊರಬಂದ ಫಲಿತಾಂಶದ ಪ್ರಕಾರ ಮೊದಲಿನವರ ತೂಕ ಸರಾಸರಿ 6 ಕಿಲೋ, ಎರಡನೆಯವರದು 5.3 ಕಿಲೋ ಇಳಿದಿತ್ತು, ಹೇಳಿಕೊಳ್ಳುವಂಥ ಅಂತರವಿಲ್ಲ. ಪಥ್ಯ ಎಷ್ಟು ಕಠಿನವೆಂಬುದಕ್ಕಿಂತ ಎಷ್ಟು ಕಾಲ ನಡೆದೀತೆಂಬುದನ್ನು ನೋಡಬೇಕು. ಆದ್ದರಿಂದ ಅನ್ನವನ್ನು ಪೂರ್ತಿ ಬಿಡುವ ಶಪಥ ಬೇಡ. ಎರಡು ಬಟ್ಟಲು ಉಣ್ಣುವವರು ಒಂದಕ್ಕೆ, ನಾಲ್ಕು ರೊಟ್ಟಿಯವರು ಎರಡಕ್ಕೆ ಇಳಿದರೆ ಮೊದಲ ತಿಂಗಳಿಗೆ ಸಾಕು.

ದಿನದ ಗಂಡಾಂತರಗಳು

1. ಚಹಾ. ಆಫೀಸಿನಲ್ಲಿ ನಾಲ್ಕು ಸಲ ಚಹಾ, ಪ್ರತಿ ಸಲ ಎರಡು ಚಮಚ ಸಕ್ಕರೆಯೆಂದರೆ ಸುಮಾರು 40 ಗ್ರಾಂ ಆಯಿತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ದಿನಕ್ಕೆ ಸುಮಾರು 25 ಗ್ರಾಂ ಮೀರದಿದ್ದರೆ ಲೇಸೆಂದಿತು. ಬೀದಿಯ ಕಟಿಂಗ್ ಚಹಾದಲ್ಲಿ ಸಕ್ಕರೆಯನ್ನು ಮೊದಲೇ ಹಾಕಿ ಕುದಿಸಿರುತ್ತಾರೆ. ಅಲ್ಲಿ ನಿಂತು “ಸಕ್ಕರೆ ಬೇಡ” ಎಂದರೆ ಫಲವಿಲ್ಲ. ಬೇರೆ ಮಾಡಿಕೊಡುವ ಅಂಗಡಿಯೊಂದನ್ನು ಗೊತ್ತುಮಾಡಿಕೊಳ್ಳಬೇಕು, ಇಲ್ಲವೇ ಎರಡೇ ಸಲಕ್ಕೆ ನಿಲ್ಲಿಸಬೇಕು.

2. ಮಧ್ಯಾಹ್ನದ ಊಟ. ಮಾಟುಂಗಾ ಸ್ಟೇಷನ್ ಬಳಿಯ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಲ್ಲಿ ಆರಂಭವಾಯಿತು. ಅಂಥ ಅನೇಕ ಹೋಟೆಲುಗಳು ಊರು ಬಿಟ್ಟು ಬಂದವನಿಗೆ ಹೊಟ್ಟೆ ತುಂಬ ಅನ್ನ ಹಾಕಿ ಸಾಕಿದವು. ಹೊಟ್ಟೆ ತುಂಬ ಬಡಿಸುವುದೇ ಅವುಗಳ ಧರ್ಮ. ನಮ್ಮ ಲೆಕ್ಕ ನಾವಿಟ್ಟುಕೊಳ್ಳಬೇಕು. ಬಡಿಸಿದ ಮೇಲೆ ಬಿಡುವುದು ಕಷ್ಟ, ಬಡಿಸುವ ಮುನ್ನ ಹೇಳುವುದು ಸುಲಭ. ಬಡಿಸುವ ಹುಡುಗ ಎಷ್ಟೋ ಕಡೆ ನಮ್ಮೂರ ಕಡೆಯವನೇ. “ಅನ್ನ ಅರ್ಧ ಸಾಕು ಮಾರಾಯ, ಪಲ್ಯ ಇನ್ನೊಮ್ಮೆ ತಾ” ಎಂದರೆ ಅವನು ಬೇಸರಿಸುವುದಿಲ್ಲ. ಪಲ್ಯ, ಬೇಳೆ ಮೊದಲು ತಿಂದು ಅನ್ನವನ್ನು ಕೊನೆಗೆ ಉಂಡರೆ ರಕ್ತದ ಸಕ್ಕರೆ ಅಷ್ಟು ಏರುವುದಿಲ್ಲವೆಂದು ಪ್ರಯೋಗಗಳಿಂದ ತಿಳಿದಿದೆ.

3. ಸಂಜೆಯ ಹಸಿವು. ಪಥ್ಯ ಹೆಚ್ಚಾಗಿ ಮುರಿಯುವುದು ಇಲ್ಲಿಯೇ. ಒಂದು ಗಂಟೆಗೆ ಉಂಡವನು ಆರೂವರೆಗೆ ಸ್ಟೇಷನ್ ತಲುಪುವಾಗ ಬಿಸಿ ಎಣ್ಣೆಯ ವಾಸನೆ ಎದುರುಗೊಳ್ಳುತ್ತದೆ. 1966ರ ಸುಮಾರಿಗೆ ದಾದರ್ ಸ್ಟೇಷನ್ನಿನ ಹೊರಗೆ ಅಶೋಕ ವೈದ್ಯರ ಗಾಡಿಯಲ್ಲಿ ಹುಟ್ಟಿತೆಂದು ಹೇಳುವ ವಡಾಪಾವ್, ಗಡಿಬಿಡಿಯ ದುಡಿಮೆಗಾರನಿಗೆ ಹೇಳಿಮಾಡಿಸಿದ ತಿಂಡಿ. ಆದರೆ ಆಲೂಗಡ್ಡೆ, ಕಡಲೆಹಿಟ್ಟು, ಮೈದಾದ ಪಾವ್ ಮೂರೂ ಪಿಷ್ಟವೇ. ಅದನ್ನು ಕಂಡು ಮನಸ್ಸಿನೊಡನೆ ಜಗಳ ಹೂಡುವುದಕ್ಕಿಂತ, ಆಫೀಸು ಬಿಡುವ ಮುನ್ನವೇ ಒಂದು ಹಿಡಿ ಹುರಿದ ಶೇಂಗಾ ತಿಂದು ನೀರು ಕುಡಿಯುವುದು ಮೇಲು. 30 ಗ್ರಾಂ ಶೇಂಗಾದಲ್ಲಿ ಸುಮಾರು 7 ಗ್ರಾಂ ಸಸಾರಜನಕವಿದೆ. ಹಸಿವಿಲ್ಲದವನಿಗೆ ಗಾಡಿಯ ಮುಂದೆ ಹಾದುಹೋಗುವುದು ದೊಡ್ಡ ಸಾಹಸವೇನಲ್ಲ.

4. ರಾತ್ರಿಯ ಕೋಣೆ. ಆರೆಂಟು ಮಂದಿ ಒಟ್ಟಿಗಿದ್ದು ಅಡುಗೆ ಮಾಡಿಕೊಳ್ಳುವಲ್ಲಿ ಒಬ್ಬನಿಗಾಗಿ ಬೇರೆ ಒಲೆ ಹೂಡಲಾಗದು. ಒಂದೇ ಅಡುಗೆಯಲ್ಲಿ ಪಾಲು ಬದಲಿಸಿಕೊಳ್ಳಬಹುದು. ಬಸಳೆಯ ಸಾಂಬಾರು, ಹರಿವೆ ಪಲ್ಯ, ಮೀನುಸಾರು, ಬೇಯಿಸಿದ ಮೊಟ್ಟೆ, ಪುಂಡಿಪಲ್ಯ, ಮೊಳಕೆಕಾಳು: ಇವು ನಮ್ಮವೇ ಅಡುಗೆ, ದುಬಾರಿಯೂ ಅಲ್ಲ. ಖರ್ಚು ಹಂಚಿಕೊಳ್ಳುವಾಗಲೇ ಮಾತಾಡಿಕೊಂಡರೆ ಮುನಿಸಿಗೆ ಎಡೆಯಿರದು.

5. ಹೋಟೆಲಿನಲ್ಲಿ ದುಡಿಯುವವರು. ಇಡೀ ದಿನ ತಿಂಡಿಯ ನಡುವೆಯೇ ಇರುವ ಇವರ ಪಾಡು ಎಲ್ಲರಿಗಿಂತ ಕಠಿನ. ಊಟ ಸಿಗುವುದು ಗಿರಾಕಿಗಳ ಗದ್ದಲ ಮುಗಿದ ಮೇಲೆ. ಅಷ್ಟರೊಳಗೆ ಬಾಯಿಗೆ ಬಿದ್ದ ಬೋಂಡಾ, ಶಿರಾಗಳ ಲೆಕ್ಕವಿರುವುದಿಲ್ಲ. ಪಾಳಿಗೆ ನಿಲ್ಲುವ ಮುನ್ನ ಎರಡು ಮೊಟ್ಟೆಯನ್ನೋ ಒಂದು ಬಟ್ಟಲು ಮೊಸರು ಮತ್ತು ಕಾಳನ್ನೋ ತಿನ್ನಬೇಕು. ನಿಂತುಕೊಂಡು ಏನೂ ತಿನ್ನಬಾರದೆಂಬ ಒಂದೇ ನಿಯಮ ಇವರಿಗೆ ತುಂಬ ಉಪಕಾರಿ.

6. ಹಬ್ಬ, ಮದುವೆ, ಊರಿನ ಮನೆ. ಇಲ್ಲಿ ತಡೆಯಬೇಕಾದದ್ದು ಪ್ರೀತಿಯನ್ನು. ಆದ್ದರಿಂದ ಬರಿಯ “ಬೇಡ” ಎಂಬ ಮಾತು ಒರಟಾಗುತ್ತದೆ. “ಅತ್ತಿಗೆ, ಅನ್ನ ಸಾಕು, ಆ ಪಲ್ಯ ಬಹಳ ಚೆನ್ನಾಗಿದೆ, ಇನ್ನಷ್ಟು ಬಡಿಸಿ” ಎಂದರೆ ಬಡಿಸುವವರಿಗೂ ಸಂತೋಷ. ಸತ್ಯನಾರಾಯಣ ಪೂಜೆಯ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಒಂದು ಚಮಚ ಸ್ವೀಕರಿಸಿದರೆ ಭಕ್ತಿಗೆ ಊನವಿಲ್ಲ.

ಒಂದು ದಿನ ತಪ್ಪಿದರೆ

ಗಣೇಶ ಚೌತಿಯಲ್ಲಿ ನಾಲ್ಕು ಮೋದಕ ತಿಂದವನು “ಹೇಗೂ ಕೆಟ್ಟಿತು, ಇನ್ನು ಸೋಮವಾರದಿಂದ ನೋಡೋಣ” ಎನ್ನುತ್ತಾನೆ. ಮೋದಕಗಳಿಗಿಂತ ಆ ಸೋಮವಾರದವರೆಗಿನ ದಿನಗಳೇ ಹೆಚ್ಚು ಹಾನಿ ಮಾಡುತ್ತವೆ. ತಪ್ಪಿದ್ದು ಒಂದು ಊಟ; ಮುಂದಿನ ಊಟದಿಂದಲೇ ಪಥ್ಯ ಮುಂದುವರಿಯಲಿ. ಮರುದಿನ ಉಪವಾಸವಿದ್ದು ಸರಿದೂಗಿಸುವುದೂ ಬೇಡ, ಹಸಿವು ಹೆಚ್ಚಿ ಸಂಜೆಗೆ ಮತ್ತೆ ತಪ್ಪುತ್ತದೆ. ಕೆಂಪು ರಕ್ತಕಣಗಳ ಆಯುಷ್ಯ ಸುಮಾರು 120 ದಿನ. ಎಚ್‌ಬಿಎ ಒನ್ ಸಿ ಎಂಬ ಪರೀಕ್ಷೆ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳುತ್ತದೆ. ಒಂದು ಮದುವೆಯೂಟ ಅದರಲ್ಲಿ ಅಷ್ಟಾಗಿ ಕಾಣಿಸದು. ಮೂರು ತಿಂಗಳ ನಿತ್ಯದ ಅಭ್ಯಾಸ ಕಾಣಿಸುತ್ತದೆ.

ಅಭ್ಯಾಸ

ಒಂದು ಚಿಕ್ಕ ಪುಸ್ತಕದಲ್ಲಿ ಏಳು ದಿನ ಇಷ್ಟನ್ನು ಬರೆಯಿರಿ: ಪಥ್ಯ ತಪ್ಪಿದ ಹೊತ್ತು, ಸ್ಥಳ, ಅದಕ್ಕೆ ಮೊದಲು ಉಂಡು ಎಷ್ಟು ಗಂಟೆಯಾಗಿತ್ತು. ಎಂಟನೆಯ ದಿನ ಓದಿದರೆ ಒಂದೇ ಹೊತ್ತು, ಒಂದೇ ಸ್ಥಳ ಮತ್ತೆ ಮತ್ತೆ ಬಂದಿರುವುದು ಕಂಡೀತು. ಮೊದಲು ಆ ಒಂದಕ್ಕೆ ಉಪಾಯ ಮಾಡಿಕೊಳ್ಳಿ. ಉಳಿದವನ್ನು ಮುಂದಿನ ತಿಂಗಳು ನೋಡಿಕೊಳ್ಳೋಣ.