ಬೇಲಿಯ ಕವಳೆಹಣ್ಣು: ಪಾಕ ಮತ್ತು ಪಾನಕದ ವಿಧಾನ

ಮುಂಗಾರಿನ ಮೊದಲ ಹದಮಳೆಗಳು ಬೀಳುವ ಹೊತ್ತಿಗೆ ಸಂಡೂರಿನ ಗುಡ್ಡಗಳ ಇಳಿಜಾರಿನಲ್ಲಿಯೂ, ಹಂಪೆಯ ಬಂಡೆಗಳ ಸಂದಿನಲ್ಲಿಯೂ, ಹೊಸಪೇಟೆ ಕಂಪ್ಲಿಗಳ ಖುಷ್ಕಿ ಹೊಲಗಳ ಬೇಲಿಯಲ್ಲಿಯೂ ಕವಳೆಹಣ್ಣು ಕಪ್ಪಾಗಿ ಮಾಗುವುದನ್ನು ವಾಚಕರೆಲ್ಲರೂ ಬಲ್ಲರು. ಮಕ್ಕಳು ಉಡಿ ತುಂಬಿಕೊಂಡು ತಿಂದು, ಬಡ ಹೆಂಗಸರು ಸಂತೆಗೆ ಒಯ್ದು ಮಾರಿ ಉಳಿದುದು ನೆಲಕ್ಕುದುರಿ ಹಾಳಾಗುವುದು. ಭೂಮಾಲೀಕರಾದರೋ ಈ ಗಿಡವನ್ನು ಬರಿಯ ಮುಳ್ಳೆಂದೆಣಿಸಿ, ತಂತಿಬೇಲಿ ಹಾಕಿಸುವ ದಿನ ಬುಡಸಹಿತ ಕಿತ್ತು ಸುಡುತ್ತಾರೆ. ಹಾಗೆ ಮಾಡುವ ಮುಂಚೆ ಅದರಿಂದ ಮನೆಗೆ ಒದಗುವ ಪ್ರಯೋಜನವನ್ನು ಒಂದು ಸಾರಿ ಲೆಕ್ಕಹಾಕತಕ್ಕದ್ದು.

ಪಾಕಕ್ಕೆ ಹಣ್ಣು ಬಿಡಿಸುವಾಗ ಪೂರ್ಣ ಮಾಗಿದುದನ್ನೇ ಆರಿಸುವುದು ಸಾಮಾನ್ಯವಾದ ತಪ್ಪು. ನಾನೂ ಮೊದಲ ವರ್ಷ ಹೀಗೆಯೇ ಮಾಡಿದೆನು. ಎರಡು ಗಳಿಗೆ ಕುದಿಸಿದರೂ ಪಾಕವು ಹೆಪ್ಪುಗಟ್ಟಲಿಲ್ಲ. ಮನೆಯವರು ಅದನ್ನು ರೊಟ್ಟಿಗೆ ಹಚ್ಚುವ ಬದಲು ನೀರಿಗೆ ಬೆರೆಸಿ ಕುಡಿದು ಮುಗಿಸಿದರು. ಹೆಪ್ಪುಗಟ್ಟಿಸುವ ಪೆಕ್ಟಿನ್ ಎಂಬ ಅಂಟುಪದಾರ್ಥವು ಕೆಂಪೇರಿದ ದೋರೆಗಾಯಿಯಲ್ಲಿ ಹೆಚ್ಚು, ಮಾಗಿದ ಹಣ್ಣಿನಲ್ಲಿ ಕಡಿಮೆ. ಆದುದರಿಂದ ದೋರೆಗಾಯಿ ಎರಡು ಪಾಲು, ಕಪ್ಪು ಹಣ್ಣು ಒಂದು ಪಾಲು ಕೂಡಿಸತಕ್ಕದ್ದು. ತೊಟ್ಟು ಮುರಿದಲ್ಲಿ ಒಸರುವ ಬಿಳಿಯ ಹಾಲು ಹೋಗುವಂತೆ ಉಪ್ಪುನೀರಿನಲ್ಲಿ ತುಸುಹೊತ್ತು ನೆನೆಯಿಟ್ಟು, ಎರಡು ಸಲ ತೊಳೆದು, ಜಜ್ಜಿ, ಮುಳುಗುವಷ್ಟು ನೀರಿನಲ್ಲಿ 20 ಇಲ್ಲವೆ 25 ನಿಮಿಷ ಸಣ್ಣ ಉರಿಯಲ್ಲಿ ಬೇಯಿಸಬೇಕು. ಬಟ್ಟೆಯಲ್ಲಿ ಕಟ್ಟಿ ತೂಗಹಾಕಿದರೆ ರಸವು ತಾನಾಗಿ ಇಳಿಯುವುದು. ಹಿಂಡಿದರೆ ಪಾಕ ಕದಡುತ್ತದೆ. ಒಂದು ಕಿಲೋ ರಸಕ್ಕೆ ಮುಕ್ಕಾಲು ಕಿಲೋ ಸಕ್ಕರೆ ಹಾಕಿ ಜೋರಾಗಿ ಕುದಿಸಿ, ಸೌಟಿನಿಂದ ಬಿಟ್ಟಾಗ ಹನಿಹನಿಯಾಗಿ ಉದುರದೆ ಹಾಳೆಯಂತೆ ಜಾರಿದರೆ ಹದವಾಯಿತೆಂದು ತಿಳಿಯುವುದು. ಉಷ್ಣಮಾಪಕವಿದ್ದವರಿಗೆ ಅದು ಸುಮಾರು 105 ಡಿಗ್ರಿ ಸೆಂಟಿಗ್ರೇಡ್.

ಪಾನಕಕ್ಕಾದರೆ ಕಪ್ಪು ಹಣ್ಣೇ ಉತ್ತಮ. ಒಂದು ಕಿಲೋ ಸೋಸಿದ ರಸಕ್ಕೆ 1.6 ಕಿಲೋ ಸಕ್ಕರೆ ಕರಗಿಸಿ, ಒಂದು ಕುದಿ ಬಂದೊಡನೆ, ನೀರಿನಲ್ಲಿ ಕುದಿಸಿ ಒಣಗಿಸಿದ ಸೀಸೆಗಳಿಗೆ ಬಿಸಿಯಾಗಿಯೇ ತುಂಬಿ ಬಿರಡೆ ಬಿಗಿಯತಕ್ಕದ್ದು. ಒಂದು ಪಾಲು ಪಾಕಕ್ಕೆ ನಾಲ್ಕು ಪಾಲು ತಣ್ಣೀರು ಸೇರಿಸಿದರೆ ದ್ರಾಕ್ಷಿಯ ಬಣ್ಣದ ಪಾನಕವಾಗುತ್ತದೆ. ಸಕ್ಕರೆಯನ್ನು ಕಡಿಮೆಮಾಡಿದರೆ ಹುಳಿತು ನೊರೆಯೇಳುವುದು. ಕಂಪ್ಲಿಯ ಕಡೆಯವರು ಬೆಲ್ಲ ಹಾಕಬಹುದೇ ಎಂದು ಕೇಳುತ್ತಾರೆ. ಅಂದಂದೇ ಕುಡಿಯುವುದಕ್ಕೆ ಬೆಲ್ಲವು ಸೊಗಸು, ಕೂಡಿಡುವುದಕ್ಕೆ ಬೇಡ. ಹುಳಿ ಹೆಚ್ಚಾದ ಈ ರಸವನ್ನು ಕಲಾಯಿ ಹೋದ ತಾಮ್ರ ಹಿತ್ತಾಳೆಗಳಲ್ಲಿ ಎಂದಿಗೂ ಕಾಯಿಸಕೂಡದು. ಸ್ಟೀಲಿನ ಪಾತ್ರೆಯೇ ಲೇಸು.

ಎಲ್ಲಿಂದ ಬಿಡಿಸಬೇಕೆಂಬುದರಲ್ಲಿಯೂ ವಿವೇಕ ಬೇಕು. ಸಂಡೂರಿನ ಅದಿರು ಲಾರಿಗಳ ಹಾದಿಯ ಪಕ್ಕದ ಪೊದೆಗಳು ಕೆಂಧೂಳಿನಿಂದ ಮುಚ್ಚಿರುತ್ತವೆ. ಆ ಹಣ್ಣನ್ನು ಮುಟ್ಟದಿರುವುದು ಮೇಲು. ಕವಳೆಯ ನಡುವೆಯೇ ಹಬ್ಬುವ ಲಂಟಾನದ ಸಣ್ಣ ಗೊಂಚಲುಕಾಯಿಗಳನ್ನು ಮಕ್ಕಳು ಬೆರೆಸದಂತೆ ನೋಡಿಕೊಳ್ಳಬೇಕು. ಅದರ ಹಸಿಗಾಯಿ ವಿಷ. ಲಂಟಾನದ ಎಲೆ ಒರಟು, ಹಿಸುಕಿದರೆ ಗಬ್ಬುವಾಸನೆ. ಕವಳೆಯ ಎಲೆ ನುಣುಪು, ಮುರಿದರೆ ಹಾಲು. ಇನ್ನು 1994ರಲ್ಲಿ ಸ್ಥಾಪನೆಯಾದ ದರೋಜಿ ಕರಡಿಧಾಮದೊಳಗೆ ಹಣ್ಣು ಬಿಡಿಸುವುದು ನಿಷಿದ್ಧ. ಕವಳೆ, ಬಾರೆ, ಕಾರೆಗಳೇ ಕರಡಿಗಳ ಆಹಾರ. ಧಾಮದ ಹೊರಗಿನ ಗುಡ್ಡಗಳಲ್ಲಿಯೂ ಪೊದೆಯನ್ನು ಪೂರ್ತಿ ಬರಿದುಮಾಡುವುದು ಜಾಣತನವಲ್ಲ. ಅಲ್ಲಿ ತಿನಿಸು ಕಾಣದ ಕರಡಿ ನಿಮ್ಮ ಮೆಕ್ಕೆಜೋಳಕ್ಕೆ ಇಳಿಯುವುದು.

ಆದಕಾರಣ ಸ್ವಂತ ಬೇಲಿಯ ಹಣ್ಣೇ ಶ್ರೇಷ್ಠ. ಕವಳೆಯ ಬೀಜದ ಜೀವ ಬಹುಕಾಲ ನಿಲ್ಲದು. ಪಾಕಕ್ಕೆಂದು ಬಿಡಿಸಿದ ದಿನವೇ ಕೆಲವು ಚೊಕ್ಕ ಹಣ್ಣುಗಳ ಬೀಜವನ್ನು ಹಸಿಯಾಗಿ ತೆಗೆದು ತೊಳೆದು ಸಸಿಮಡಿಗೆ ಬಿತ್ತತಕ್ಕದ್ದು. ಮುಂದಿನ ಮಳೆಗಾಲದಲ್ಲಿ ಎರಡಡಿಗೊಂದರಂತೆ ಎರಡು ಸಾಲಾಗಿ, ಒಂದರ ಸಂದಿಗೆ ಇನ್ನೊಂದು ಬರುವಂತೆ ನೆಟ್ಟರೆ ಆಡು ಸಹ ನುಗ್ಗಲಾರದು. ಹೂವು ರೆಂಬೆಯ ತುದಿಯಲ್ಲಿ ಬಿಡುವುದರಿಂದ ಬೇಲಿ ಸವರುವ ಕೆಲಸವನ್ನು ಹಣ್ಣು ಮುಗಿದ ಮೇಲೆಯೇ ಮಾಡಿಸತಕ್ಕದ್ದು. ಸುಗ್ಗಿಯ ನಂತರ ಆಳುಗಳು ಬಿಡುವಾಗಿದ್ದಾರೆಂದು ಸವರಿಸಿದವರಿಗೆ ಆ ವರ್ಷ ಮುಳ್ಳು ಮಾತ್ರ ದಕ್ಕುವುದು.