ಮೊದಲು ಕಂಬದ ಬುಡ ನೋಡಿ

ಊರಿಗೆ ಮರಳಿ ಬಂದು ಅಜ್ಜನ ಕಾಲದ ಕೊಟ್ಟಿಗೆಯನ್ನು ಉಳಿಸಿಕೊಳ್ಳಬೇಕೆಂದು ಹೊರಟಿರುವ ಮಕ್ಕಳೇ, ಕೆಡವುವ ಮೊದಲು ನೀರು ಎಲ್ಲಿಂದ ಬಂತು ಅಂತ ಹುಡುಕಿ. ಮಲೆನಾಡಿನಲ್ಲಿ ಒಂದು ಕಂಬ ಕುಸಿದರೆ ಸಾಕು, ‘ಪೂರಾ ಲಡ್ಡಾಗಿದೆ, ತೆಗೆದು ಪೈಪು ನಿಲ್ಲಿಸಿ ಶೀಟು ಹೊದೆಸಿ’ ಅನ್ನುವವರು ಮನೆ ಬಾಗಿಲಿಗೇ ಬರುತ್ತಾರೆ. ಆ ಮಾತಿಗೆ ಒಪ್ಪಿ, ಇನ್ನೂ ನೂರು ವರ್ಷ ನಿಲ್ಲುವಂಥ ತೊಲೆಗಳನ್ನು ಸೌದೆ ಬೆಲೆಗೆ ಕೊಟ್ಟ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ನೋಡಿದಾಗೆಲ್ಲ ಹೊಟ್ಟೆ ಉರಿದಿದೆ.

ಜಂಬೆ, ಹೊನ್ನೆ, ಮತ್ತಿ, ಹೆಬ್ಬಲಸು. ಹಿರಿಯರು ಕಂಬಕ್ಕೂ ತೊಲೆಗೂ ಆರಿಸಿದ್ದು ಚೇಗು ತುಂಬಿದ ಮರಗಳನ್ನು. ಇಂಥ ಮರ ವಯಸ್ಸಾಯಿತೆಂದು ಹಾಳಾಗುವುದಿಲ್ಲ. ಮರದೊಳಗಿನ ತೇವ ಶೇಕಡಾ 20ರ ಕೆಳಗಿದ್ದರೆ ಶಿಲೀಂಧ್ರಕ್ಕೆ ಅದನ್ನು ಕೊಳೆಸಲು ಆಗುವುದೇ ಇಲ್ಲ. ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಹೊಯ್ಯುವ ಆಗುಂಬೆಯ ಸುತ್ತಲೂ ಮಾಡಿನಡಿ ಒಣಗಿ ನಿಂತ ತೊಲೆಗಳು ತಲೆಮಾರು ದಾಟಿವೆ. ಹಾಗಾಗಿ ಎಲ್ಲಿ ಮರ ಕೊಳೆತಿದೆಯೋ ಅಲ್ಲಿಗೆ ನೀರು ಬರುವ ದಾರಿಯೊಂದು ಇದ್ದೇ ಇರುತ್ತದೆ. ಆ ದಾರಿ ಮುಚ್ಚದೆ ಹೊಸ ಮರ ಹಾಕಿದರೆ ಅದೂ ಹಳತರ ಹಿಂದೆಯೇ ಹೋಗುತ್ತದೆ.

ನಮ್ಮ ಸೊಪ್ಪಿನ ಕೊಟ್ಟಿಗೆಗಳಲ್ಲಿ ಆ ದಾರಿ ಬಹುಪಾಲು ಕೆಳಗಿನಿಂದ. ದಿನಾ ಹಾಸಿದ ಸೊಪ್ಪು, ದರಕು, ಸಗಣಿ, ಗಂಜಲ ಸೇರಿ ಗೊಬ್ಬರ ಮೊಣಕಾಲೆತ್ತರ ಏರುತ್ತದೆ. ಅದನ್ನು ತೆಗೆಯುವವರೆಗೂ ಕಂಬ ಅದರೊಳಗೇ ನೆನೆಯುತ್ತಿರುತ್ತದೆ. ಗೊಬ್ಬರ ಖಾಲಿ ಮಾಡಿಸಿ, ಬುಡವನ್ನು ತೊಳೆದು, ಒಣಗಲು ಬಿಟ್ಟು ಆಮೇಲೆ ಪರೀಕ್ಷೆ ಮಾಡಿ. ಸುತ್ತಿಗೆಯ ಹಿಡಿಯಿಂದ ಬುಡದಿಂದ ಮೇಲಕ್ಕೆ ತಟ್ಟುತ್ತಾ ಹೋಗಿ. ಡಬ್ ಡಬ್ ಅನ್ನುವುದು ನಿಂತು ಟಣ್ ಅಂದಲ್ಲಿ ಸುಣ್ಣದ ಗೆರೆ ಎಳೆಯಿರಿ. ಆ ಗೆರೆಯ ಆಚೀಚೆ ಸಣ್ಣ ಉಳಿಯ ತುದಿ ಚುಚ್ಚಿ ನೋಡಿ. ಎಷ್ಟೋ ಕಂಬಗಳಲ್ಲಿ ಕೆಟ್ಟಿರುವುದು ಕೆಳಗಿನ ಒಂದೆರಡು ಅಡಿ ಮಾತ್ರ. ಕುಟ್ಟೆಹುಳದ ಪುಡಿ ಕಂಡು ಗಾಬರಿಯಾಗುವುದೂ ಬೇಡ. ಅದಕ್ಕೆ ಬೇಕಾದದ್ದು ಹೊರಗಿನ ಬಿಳಿ ಮರ. ಕೆತ್ತಿ ನೋಡಿದರೆ ಒಳಗಿನ ಚೇಗು ಗಟ್ಟಿಯಾಗಿ ಸಿಗುವುದೇ ಹೆಚ್ಚು.

ಮೇಲಿನ ದಾರಿ ಹಂಚಿನದು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನಿಧಾನವಾಗಿ ಹುಲ್ಲು, ಸೋಗೆ ಹೋಗಿ ಹಂಚು ಬಂತು. ಒಂದು ಹಂಚು ಜಾರಿದರೆ ನೀರು ಪಕಾಸಿನ ಮೇಲೆ ಹರಿದು, ತೊಲೆ ಕಂಬಕ್ಕೆ ಕೂಡುವ ಜಾಗದಲ್ಲಿ ನಿಲ್ಲುತ್ತದೆ. ಕಂಬದ ತೂತಿನಲ್ಲಿ ಕೂತ ತೊಲೆಯ ನಾಲಿಗೆ ಹೊರಗೆ ಕಾಣದು. ಏಣಿ ಹತ್ತಿ ಪ್ರತಿಯೊಂದು ಕೂಡನ್ನೂ ಕೈಯಿಂದ ಮುಟ್ಟಿ ನೋಡಿ.

ಕೆಟ್ಟ ಕಂಬ ಸರಿಮಾಡಲು ಮಾಡಿನ ಭಾರ ಎತ್ತಬೇಕು, ಆ ಕೆಲಸಕ್ಕೆ ಆತುರ ಬೇಡ. ಚದರ ಮೀಟರಿಗೆ ಸುಮಾರು 15 ಮಂಗಳೂರು ಹಂಚು, ಒಂದೊಂದೂ ಎರಡರಿಂದ ಮೂರು ಕೆ.ಜಿ. ನೂರು ಚದರ ಮೀಟರ್ ಮಾಡೆಂದರೆ ಮೂರು ಟನ್ನಿಗೂ ಮೇಲೆ. ಮೊದಲು ಹಂಚು ಇಳಿಸಿ, ಪಕಾಸುಗಳಿಗೆ ಅಂಕಿ ಬರೆಯಿರಿ. ಕೆಟ್ಟ ಕಂಬದ ಎರಡೂ ಬದಿಗೆ ತೊಲೆಗೆ ಊರೆ ಕೊಟ್ಟು, ಅಗಲ ಹಲಗೆಯ ಮೇಲೆ ಜಾಕಿ ಇಟ್ಟು, ಕೂದಲೆಳೆಯಷ್ಟೇ ಎತ್ತಿ, ನಿಲ್ಲಿಸಿ, ನೋಡಿ, ಮತ್ತೆ ಎತ್ತಿ. ವರ್ಷಗಟ್ಟಲೆ ತಗ್ಗಿ ಕೂತ ಚೌಕಟ್ಟನ್ನು ಒಂದೇ ಬೆಳಿಗ್ಗೆ ನೆಟ್ಟಗೆ ಮಾಡಹೋದರೆ ಗಟ್ಟಿ ಇರುವ ಕೂಡುಗಳೂ ಸೀಳುತ್ತವೆ.

ಕೊಳೆತದ್ದನ್ನು ಕತ್ತರಿಸಿ ಅದೇ ಜಾತಿಯ ಮರದ ತುಂಡನ್ನು ಓರೆ ಕೂಡಿನಿಂದ ಜೋಡಿಸಿ ಮರದ ಬೆಣೆ ಹೊಡೆಯಿರಿ. ಜಪಾನಿನ ಬಡಗಿಗಳು ತಮ್ಮ ಹಳೆಯ ದೇಗುಲಗಳ ಕಂಬಗಳಿಗೆ ಮಾಡುವುದೂ ಇದನ್ನೇ. ಬೆಣೆ ಮಾತ್ರ ಕಂಬಕ್ಕಿಂತ ಚೆನ್ನಾಗಿ ಒಣಗಿರಬೇಕು. ಮರ ಒಣಗುವಾಗ ಉದ್ದದಲ್ಲಿ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಹಸಿ ಬೆಣೆ ಬೇಸಗೆಗೆ ಸಣ್ಣಗಾಗಿ ಸಡಿಲವಾಗುತ್ತದೆ. ಮತ್ತಿಯಂಥ ಒಗರು ಮರಕ್ಕೆ ಕಬ್ಬಿಣದ ಮೊಳೆ ಹೊಡೆದರೆ ಸುತ್ತ ಕಪ್ಪಾಗಿ ಮೊಳೆಯೂ ತುಕ್ಕು ಹಿಡಿಯುತ್ತದೆ. ಹೊಸ ಮರ ಸ್ವಂತ ಜಮೀನಿನದಾದರೂ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಹಲವು ಜಾತಿಗಳನ್ನು ಕಡಿಯಲು ಅನುಮತಿ ಬೇಕು. ಕೇಳಿಯೇ ಕಡಿಯಿರಿ. ಕೆಡವಿದ ಮನೆಗಳ ಹಳೆಯ ತೊಲೆ ಸಿಕ್ಕರೆ ಇನ್ನೂ ಒಳ್ಳೆಯದು, ಅದು ಕುಗ್ಗುವಷ್ಟು ಕುಗ್ಗಿ ಆಗಿರುತ್ತದೆ.

ಒಂದು ವಿಷಯದಲ್ಲಿ ನಾನು ಹಟವಾದಿ. ಕಂಬದ ಬುಡಕ್ಕೆ ಸಿಮೆಂಟು ಸುರಿಯಬೇಡಿ. ‘ಗಟ್ಟಿಯಾಗುತ್ತದೆ’ ಅನ್ನುತ್ತಾರೆ. ಸಿಮೆಂಟಿಗೂ ಮರಕ್ಕೂ ನಡುವೆ ಬಿರುಕು ಬಿಡುತ್ತದೆ, ನೀರು ಇಳಿಯುತ್ತದೆ, ಹೊರಬರಲು ದಾರಿಯಿಲ್ಲ. ಒಳಗೊಳಗೇ ಗೆದ್ದಲು ಹತ್ತಿದರೂ ಕಾಣುವುದಿಲ್ಲ. ಬುಡವನ್ನು ಗೊಬ್ಬರದ ಮಟ್ಟಕ್ಕಿಂತ ಎತ್ತರದ ಕರಿಕಲ್ಲಿನ ಮೇಲೆ ಕೂರಿಸಿ. ಜಂಬಿಟ್ಟಿಗೆ ಬೇಡ, ಅದು ನೀರು ಹೀರುತ್ತದೆ. ಕಲ್ಲಿನ ಸುತ್ತ ಬರಿಗಣ್ಣಿಗೆ ಕಾಣುವಂತಿದ್ದರೆ ಗೆದ್ದಲಿನ ಮಣ್ಣುದಾರಿ ಎದ್ದ ದಿನವೇ ಕೆರೆದು ಹಾಕಬಹುದು. ಕರಾವಳಿಯವರು ದೋಣಿಗೆ ಬಳಿಯುವ ಗೇರೆಣ್ಣೆ ಕಂಬದ ಬುಡಕ್ಕೂ ಒಳ್ಳೆಯದೇ, ಆದರೆ ಚರ್ಮ ಸುಡುತ್ತದೆ. ಕೈಗವಸು ಹಾಕಿಕೊಳ್ಳಿ, ದನದ ನಾಲಿಗೆ ತಾಗುವ ಕಡೆ ಬಳಿಯಬೇಡಿ.

ದನವಿಲ್ಲದ ಕೊಟ್ಟಿಗೆ ಬೇಗ ಹಾಳಾಗುತ್ತದೆ. ಸಂಜೆಯ ಹೊಗೆ ಸೊಳ್ಳೆಯನ್ನು ಓಡಿಸುವ ಜೊತೆಗೆ ಮಾಡನ್ನೂ ಒಣಗಿಸುತ್ತಿತ್ತು, ದಿನಕ್ಕೆರಡು ಸಲ ಹಾಲು ಕರೆಯಲು ಹೋದವರ ಕಣ್ಣು ಮೇಲೆ ಬೀಳುತ್ತಿತ್ತು. ಅಡಿಕೆ ಚೀಲವಾಗಲಿ, ಓದುವ ಮೇಜಾಗಲಿ, ಅಲ್ಲಿ ದಿನಾ ಕಾಲಿಡುವ ಕಾರಣವೊಂದನ್ನು ಇಟ್ಟುಕೊಳ್ಳಿ. ಕೊಯ್ಲು ಮುಗಿದ ಮೇಲೆ ಬಡಗಿಯನ್ನು ಕರೆದು, ಯುಗಾದಿಯೊಳಗೆ ಹಂಚು ಮರಳಿ ಏರುವಂತೆ ನೋಡಿಕೊಳ್ಳಿ. ಮೊದಲ ಜೋರು ಮಳೆಗೆ ಟಾರ್ಚು, ಸೀಮೆಸುಣ್ಣ ಹಿಡಿದು ಒಳಗೆ ಹೋಗಿ. ಹನಿ ಬಿದ್ದ ಕಡೆಯೆಲ್ಲ ಗುರುತು ಹಾಕಿ, ಹೊಳವಾದೊಡನೆ ಆ ಹಂಚುಗಳನ್ನು ಬದಲಿಸಿ.