ನಿಂತ ಬಂಡಿಯ ಖರ್ಚು

ಜಲಾಶಯದ ದಂಡೆಯಲ್ಲಿ ಬಾಡಿಗೆಯ ಬಂಡಿಯೊಂದರಲ್ಲಿ ಒಂದು ಹಗಲು, ಒಂದು ರಾತ್ರಿ ಕಳೆದು ಬರುವುದಕ್ಕೆ ನಾವಿಬ್ಬರು ೪೧೦ ಡಾಲರ್ ತೆತ್ತೆವೆಂದು ಕೇಳಿ, ಆಸ್ಟಿನ್ನಿನ ನಮ್ಮ ಕನ್ನಡ ಬಳಗದಲ್ಲಿ ಹಲವರು ಅದನ್ನು ದುಂದುವೆಚ್ಚವೆಂದೇ ತೀರ್ಮಾನಿಸಿದರು. ಬಾಡಿಗೆಗೆ ಅಷ್ಟು ಸುರಿಯುವುದಕ್ಕಿಂತ ಸ್ವಂತಕ್ಕೇ, ಮಲಗಲು, ಅಡಿಗೆ ಮಾಡಲು ಅನುಕೂಲವಿರುವ ಒಂದು ಆರ್‌ವಿ ಕೊಂಡುಬಿಟ್ಟರೆ ಹಣವೂ ಉಳಿದೀತು, ಮನಸ್ಸು ಬಂದಾಗ ಹೊರಡಲೂ ಆದೀತು ಎಂಬುದು ಅವರ ವಾದ. ಈ ವಾದವನ್ನು ಲಘುವಾಗಿ ತಳ್ಳಿಹಾಕುವಂತಿರಲಿಲ್ಲ. ಏಕೆಂದರೆ ಅದೇ ಮಾತನ್ನು ನನ್ನಾಕೆಯೂ ಆಡಿದ್ದಳು, ಅವಳ ಮಾತಿಗೆ ಲೆಕ್ಕದಿಂದಲೇ ಉತ್ತರ ಕೊಡಬೇಕಾಗಿತ್ತು.

ಹೋದದ್ದು ದೂರವೇನಲ್ಲ. ಮೂವತ್ತೈದನೆಯ ಹೆದ್ದಾರಿಯಲ್ಲಿ ದಕ್ಷಿಣಕ್ಕಿಳಿದು, ನ್ಯೂ ಬ್ರಾನ್‌ಫೆಲ್ಸ್ ಊರಿನ ಬಳಿ ೩೦೬ನೆಯ ರಸ್ತೆಗೆ ಹೊರಳಿದರೆ, ಗ್ವಾಡಲೂಪ್ ನದಿಗೆ ಕಟ್ಟಿದ ಅಣೆಕಟ್ಟಿನ ಹಿಂದೆ ೧೯೬೪ರಿಂದ ನೀರು ನಿಂತು ಉಂಟಾದ ಕ್ಯಾನ್ಯನ್ ಲೇಕ್ ಸಿಗುತ್ತದೆ. ಅದರ ಉತ್ತರ ದಂಡೆಯಲ್ಲಿ ನಾವು ತಂಗಿದ ಪಾಟರ್ಸ್ ಕ್ರೀಕ್ ಪಾರ್ಕನ್ನು ಸೇನೆಯ ಇಂಜಿನಿಯರುಗಳ ದಳವೇ ನಿರ್ವಹಿಸುತ್ತದೆ. ನಾವು ಬಾಡಿಗೆಗೆ ಹಿಡಿದ ಕ್ಲಾಸ್ ಸಿ ಬಂಡಿ ಗ್ಯಾಲನ್ನಿಗೆ ಒಂಬತ್ತು ಮೈಲಿಗಿಂತ ಹೆಚ್ಚು ಓಡುತ್ತಿರಲಿಲ್ಲ. ಪಕ್ಕದಿಂದ ಗಾಳಿ ಬೀಸಿತೆಂದರೆ ಸ್ಟಿಯರಿಂಗನ್ನು ಎರಡು ಕೈಯಲ್ಲಿಯೂ ಹಿಡಿದಿರಬೇಕು. ನನ್ನಾಕೆ ಹಿಂದೆ ನಿಂತು ಕೈಸನ್ನೆ ಮಾಡುತ್ತಿರಲು ಬಂಡಿಯನ್ನು ಹಿಮ್ಮುಖವಾಗಿ ಜಾಗಕ್ಕೆ ಸೇರಿಸಿ, ವಾಲಿದರೆ ಫ್ರಿಜ್ಜು ಕೆಲಸ ಮಾಡದಾದ್ದರಿಂದ ಎಡಗಡೆಯ ಗಾಲಿಗಳ ಕೆಳಗೆ ಪ್ಲಾಸ್ಟಿಕ್ ದಿಮ್ಮಿಗಳನ್ನು ಕೊಟ್ಟು ಮಟ್ಟಮಾಡಿ, ಮೂವತ್ತು ಆಂಪಿಯರಿನ ಕಂಬಕ್ಕೆ ಕೇಬಲ್ ಜೋಡಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ಏಸಿ ಓಡುತ್ತಿರುವಾಗಲೇ ಮೈಕ್ರೋವೇವ್ ಹಚ್ಚಿದ್ದರಿಂದ ಬ್ರೇಕರ್ ಬಿದ್ದುಹೋಯಿತು. ಬಳಿಕ ಅವಳು ಗ್ಯಾಸಿನ ಒಲೆಯ ಮೇಲೆಯೇ ಸಾಸಿವೆ ಸಿಡಿಸಿ, ರವೆ ಹುರಿದು ಉಪ್ಪಿಟ್ಟು ಮಾಡಿದಳು. ಓಕ್ ಮರಗಳ ಕೆಳಗೆ ಜಿಂಕೆಗಳು ಮನುಷ್ಯರ ಪರಿವೆಯೇ ಇಲ್ಲದೆ ಮೇಯುತ್ತಿದ್ದುವು. ತಟ್ಟೆ ಹಿಡಿದು ನೀರಿನ ಕಡೆ ಮುಖಮಾಡಿ ಕುಳಿತಿದ್ದಾಗ ಅವಳು, “ರೀ, ಇಂಥದೊಂದು ನಮ್ಮದೇ ಆಗಿದ್ದಿದ್ದರೆ ತಿಂಗಳು ತಿಂಗಳೂ ಬರಬಹುದಾಗಿತ್ತಲ್ಲವೆ?” ಎಂದಳು.

ಆ ಸಂಜೆಯ ಸುಖ ಎಷ್ಟು ನಿಜವೋ ಅವಳ ಆಸೆಯೂ ಅಷ್ಟೇ ನಿಜ. ಆದರೆ ಸುಖಕ್ಕೆ ಕೊಟ್ಟದ್ದೆಷ್ಟು, ವಾಹನಕ್ಕೆ ಕೊಟ್ಟದ್ದೆಷ್ಟು ಎಂದು ವಿಂಗಡಿಸಿ ನೋಡಬೇಕು. ತಂಗುವ ಜಾಗಕ್ಕೆ ೩೦ ಡಾಲರ್. ಅರುವತ್ತೆರಡು ತುಂಬಿದವರಿಗೆ ೮೦ ಡಾಲರಿಗೆ ದೊರೆಯುವ ಆಜೀವ ಸೀನಿಯರ್ ಪಾಸ್ ನನ್ನಲ್ಲಿದ್ದುದರಿಂದ ಅದು ಅರ್ಧವಾಗಿ ೧೫ ಆಯಿತು. ಪೆಟ್ರೋಲಿಗೆ ೪೦. ಮಿಕ್ಕ ೩೫೫ ಡಾಲರ್, ಅಂದರೆ ಬಾಡಿಗೆ ೧೯೦, ವಿಮೆ ೪೦, ಶುಚಿಮಾಡುವುದಕ್ಕೆಂದು ೧೨೫, ಪೂರ್ತಿಯಾಗಿ ವಾಹನದ ಪಾಲು. ನೀರು, ನೆರಳು, ಜಿಂಕೆ, ಆಕಾಶ ಇವೆಲ್ಲ ಹದಿನೈದು ಡಾಲರಿಗೆ ದೊರೆತುವು.

ಮುಂದಿನ ವಾರ ನಾವು ಒಬ್ಬ ಡೀಲರನ ಅಂಗಡಿಗೆ ಹೋದೆವು. ಅಂಥದೊಂದು ಬಂಡಿಯ ಬೆಲೆ ೯೦,೦೦೦ ಡಾಲರ್, ಟೆಕ್ಸಾಸಿನ ೬.೨೫ ಪ್ರತಿಶತ ತೆರಿಗೆ ೫,೬೨೫ ಬೇರೆ. ತೆರಿಗೆಯನ್ನೂ ೧೦,೦೦೦ ಮುಂಗಡವನ್ನೂ ಕೈಯಿಂದ ಕೊಟ್ಟು, ಉಳಿದ ೮೦,೦೦೦ಕ್ಕೆ ೮ ಪ್ರತಿಶತ ಬಡ್ಡಿಯಲ್ಲಿ ಹದಿನೈದು ವರ್ಷದ ಸಾಲ ಮಾಡಿದರೆ ತಿಂಗಳ ಕಂತು ೭೬೪ ಡಾಲರ್ ೫೨ ಸೆಂಟು. ಮಾರಾಟಗಾರ ಈ ಕಂತೊಂದನ್ನೇ ದೊಡ್ಡ ಅಕ್ಷರದಲ್ಲಿ ಬರೆದು ನಮ್ಮ ಮುಂದಿಟ್ಟ. ಐದು ವರ್ಷ ತಪ್ಪದೆ ಕಟ್ಟಿದವನು ೪೫,೮೭೧ ಡಾಲರ್ ತೆತ್ತಿರುತ್ತಾನೆ. ಅದರಲ್ಲಿ ೨೮,೮೮೪ ಬಡ್ಡಿಗೆ ಹೋಗಿ, ಅಸಲಿನಲ್ಲಿ ಕರಗಿದ್ದು ೧೬,೯೮೭ ಮಾತ್ರವಾಗಿ, ಸಾಲ ಇನ್ನೂ ೬೩,೦೧೩ ಉಳಿದಿರುತ್ತದೆ. ಐದು ವರ್ಷ ಬಳಸಿದ ಬಂಡಿಗೆ ೫೦,೦೦೦ ಬಂದೀತೆಂದು ಉದಾರವಾಗಿಯೇ ಇಟ್ಟುಕೊಳ್ಳೋಣ. ಆಗಲೂ ಮಾರಿ ಸಾಲ ತೀರಿಸಬೇಕಾದರೆ ಕೈಯಿಂದ ೧೩,೦೧೩ ಹಾಕಬೇಕು. ತೆರಿಗೆ, ಮುಂಗಡ, ಕಂತು, ಈ ಕೊನೆಯ ಕೊರತೆ ಎಲ್ಲವನ್ನೂ ಕೂಡಿದರೆ ಐದು ವರ್ಷಕ್ಕೆ ೭೪,೫೦೯, ವರ್ಷಕ್ಕೆ ಸುಮಾರು ೧೪,೯೦೦ ಡಾಲರ್ ಆಯಿತು. ನಮ್ಮ ಬಡಾವಣೆಯಲ್ಲಿ ಆರ್‌ವಿಯನ್ನು ಮನೆಯ ಮುಂದೆ ನಿಲ್ಲಿಸಗೊಡುವುದಿಲ್ಲವಾದ್ದರಿಂದ ಸ್ಟೋರೇಜಿನ ಬಾಡಿಗೆ, ವಿಮೆ, ಟೈರು, ಸೂರಿನ ಸೀಲಂಟು ಎಂದು ಇನ್ನೊಂದು ನಾಲ್ಕು ಸಾವಿರವನ್ನು ಸೇರಿಸಿ ೧೮,೯೦೦. ವರ್ಷಕ್ಕೆ ಇಪ್ಪತ್ತು ರಾತ್ರಿ ಹೊರಗೆ ತಂಗುವ ಉತ್ಸಾಹಿಗೂ ಪೆಟ್ರೋಲು, ಜಾಗದ ಬಾಡಿಗೆ ಬಿಟ್ಟು ರಾತ್ರಿಯೊಂದಕ್ಕೆ ೯೪೫ ಡಾಲರ್ ಬೀಳುತ್ತದೆ. ನಾವು ತೆತ್ತದ್ದು ೩೫೫. ಎರಡೂ ಸರಿಹೋಗಬೇಕಾದರೆ ವರ್ಷಕ್ಕೆ ಸುಮಾರು ಐವತ್ತಮೂರು ರಾತ್ರಿ ತಂಗಬೇಕು. ಬಾಡಿಗೆಯನ್ನೇ ಮೂರು ನಾಲ್ಕು ದಿನಕ್ಕೆ ಹಿಡಿದರೆ ಶುಚಿಮಾಡುವ ಖರ್ಚು ಹಂಚಿಹೋಗಿ, ಈ ಐವತ್ತಮೂರು ಮತ್ತೂ ಮೇಲೇರುತ್ತದೆ. ಕಟ್ಟಿಹಾಕಿದ ಕುದುರೆಗೂ ದಿನದಿನವೂ ಹುರುಳಿ ಇಡಬೇಕಾಗುವಂತೆ, ನಿಂತ ಬಂಡಿಗೂ ವೆಚ್ಚ ನಿಲ್ಲುವುದಿಲ್ಲ.

ಮಲಗಲು, ಅಡಿಗೆ ಮಾಡಲು, ಶೌಚಕ್ಕೆ ಅನುಕೂಲವಿರುವುದರಿಂದ ಬಂಡಿ ಎರಡನೆಯ ಮನೆಯೆನಿಸಿ ಬಡ್ಡಿಗೆ ತೆರಿಗೆಯ ವಿನಾಯಿತಿ ದೊರೆಯುತ್ತದೆಂದು ಆ ಮಾರಾಟಗಾರ ಹೇಳಿದ. ಕಾನೂನು ಹಾಗಿರುವುದು ನಿಜ. ಆದರೆ ಮನೆಯ ಸಾಲ ತೀರಿ, ವರ್ಷವರ್ಷವೂ ಖರ್ಚಿನ ಪಟ್ಟಿ ಕೊಡದೆ ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದುಕೊಳ್ಳುವ ನಮ್ಮಂಥವರಿಗೆ ಅದರಿಂದ ಬರುವ ಲಾಭ ಬಹುತೇಕ ಸೊನ್ನೆ.

ನನ್ನ ಸಹನೆ ತೀರಿದ್ದು ಎಕ್ಸ್‌ಟೆಂಡೆಡ್ ವಾರಂಟಿಯ ಮಾತು ಬಂದಾಗ. ಐದು ವರ್ಷದ ರಕ್ಷಣೆಗೆ ೪,೦೦೦ ಡಾಲರ್. ಅದನ್ನೂ ಸಾಲಕ್ಕೇ ಸೇರಿಸಿದರೆ ತಿಂಗಳಿಗೆ ೩೮ ಡಾಲರ್ ಮಾತ್ರ ಹೆಚ್ಚೆಂದು ಸಮಾಧಾನ. ಆ ಮೂವತ್ತೆಂಟನ್ನು ಹದಿನೈದು ವರ್ಷ ಕಟ್ಟಿದರೆ ೬,೮೪೦ ಆಗುತ್ತದೆ. ರಕ್ಷಣೆ ಐದು ವರ್ಷಕ್ಕೆ ಮುಗಿದುಹೋದಮೇಲೂ ಅದರ ಕಂತು ಹತ್ತು ವರ್ಷ ಬದುಕಿರುತ್ತದೆ. ಇಂಥದನ್ನು, ದಿನವೆಲ್ಲ ಕಾಗದಗಳಿಗೆ ರುಜು ಹಾಕಿ ದಣಿದ ದಂಪತಿಗಳ ಮುಂದೆ ಕಡೆಯ ಗಳಿಗೆಯಲ್ಲಿ ಇಡುವುದು ನ್ಯಾಯವಾದ ವ್ಯಾಪಾರವಲ್ಲ. ಹೀಗೆಂದು ಅಲ್ಲಿಯೇ ಹೇಳಿ ಎದ್ದು ಬಂದೆವು.

ನಮ್ಮವರಲ್ಲಿ ಸಾಲವನ್ನು ಕಂತಿನಿಂದ ಅಳೆಯುವ ಅಭ್ಯಾಸ ಬೆಳೆಯುತ್ತಿರುವುದು ನನಗೆ ಕಳವಳವನ್ನುಂಟುಮಾಡುತ್ತದೆ. ಮನೆಗೆಲಸಕ್ಕೂ ದಿನಸಿಗೂ ಪೈಸೆಪೈಸೆ ಲೆಕ್ಕ ಬರೆಯುತ್ತಿದ್ದ ತಾಯಂದಿರ ಮಕ್ಕಳು ನಾವು. ಆದರೂ ಕಳೆದ ವರ್ಷ ಎಷ್ಟು ರಾತ್ರಿ ನಿಜವಾಗಿ ಹೊರಗೆ ತಂಗಿದ್ದೆವೆಂದು ಕ್ಯಾಲೆಂಡರು ತೆರೆದು ಎಣಿಸದೆಯೇ ಹದಿನೈದು ವರ್ಷದ ಕರಾರಿಗೆ ಕೈಹಾಕುತ್ತೇವೆ. ಮೊದಲು ಒಂದು ವರ್ಷ ಬಾಡಿಗೆಯ ಬಂಡಿಯಲ್ಲಿಯೇ ತಿರುಗಿರಿ. ಶೌಚದ ಟ್ಯಾಂಕನ್ನು ಕೈಗವಸು ಹಾಕಿಕೊಂಡು ಖಾಲಿಮಾಡಿ, ಆ ಕೊಳವೆ ತೊಳೆದುಹೋಗಲೆಂದು ಸ್ನಾನದ ನೀರಿನ ವಾಲ್ವನ್ನು ಆಮೇಲೆ ಎಳೆಯುವ ಕೆಲಸವೂ ನಿಮ್ಮಿಬ್ಬರಿಗೂ ಒಗ್ಗಿತೇ ನೋಡಿರಿ. ಕಂತಿಗೆ ಸಮನಾದ ಹಣವನ್ನು ತಿಂಗಳು ತಿಂಗಳೂ ಬೇರೆ ಖಾತೆಗೆ ಹಾಕುತ್ತ ಬನ್ನಿರಿ. ನನ್ನಾಕೆ ಈಗ ಹಾಗೆಯೇ ಹಾಕುತ್ತಿದ್ದಾಳೆ. ಬಾಡಿಗೆಗೆ ಅದರಿಂದಲೇ ತೆಗೆಯುತ್ತೇವೆ, ಆದರೂ ಖಾತೆ ಬೆಳೆಯುತ್ತಲೇ ಇದೆ.

ಈಗಾಗಲೇ ಬಂಡಿಯನ್ನೂ ಎಕ್ಸ್‌ಟೆಂಡೆಡ್ ವಾರಂಟಿಯನ್ನೂ ಕೊಂಡಿರುವವರು ಆ ವಾರಂಟಿಯ ಕಾಗದವನ್ನು ಹೊರತೆಗೆದು, ರದ್ದುಪಡಿಸುವ ವಿಧಿಯಿರುವ ಪುಟವನ್ನು ಓದಬೇಕು. ಅಂಥ ಕರಾರುಗಳಲ್ಲಿ ಬಹುಪಾಲನ್ನು ಮಧ್ಯದಲ್ಲಿ ಬಿಟ್ಟುಕೊಟ್ಟು, ಉಳಿದ ಅವಧಿಯ ಹಣವನ್ನು ಹಿಂದಕ್ಕೆ ಪಡೆಯಬಹುದು. ಸಾಲವಿದ್ದರೆ ಆ ಹಣ ಸಾಮಾನ್ಯವಾಗಿ ನೇರವಾಗಿ ಅಸಲಿಗೆ ಜಮೆಯಾಗುತ್ತದೆ. ಕಂತು ಇಳಿಯುವುದಿಲ್ಲ, ಸಾಲ ಕೆಲವು ತಿಂಗಳು ಮೊದಲೇ ಮುಗಿಯುತ್ತದೆ. ಅರ್ಜಿಯನ್ನು ಬರವಣಿಗೆಯಲ್ಲಿಯೇ ಕೊಟ್ಟು, ಓಡೋಮೀಟರಿನ ಅಂಕಿಯನ್ನೂ ದಿನಾಂಕವನ್ನೂ ಅದರಲ್ಲಿ ನಮೂದಿಸಿ, ಒಂದು ಪ್ರತಿಯನ್ನು ಇಟ್ಟುಕೊಳ್ಳಿರಿ.